ಹಿಂದಿನ ಬಾಗಿಲಿನ ಗಾಡಿಗೆ ದೀಪ

ಹೆಂಡತಿ ತೀರಿಕೊಂಡ ಮೇಲೆ ನಾನು ಮನೆ ಬಿಟ್ಟು ಒಂದು ಹಳೆಯ ಮೆಟಡೋರ್ ವ್ಯಾನಿನಲ್ಲಿ ಇರತೊಡಗಿದೆ. ದ್ರಾಕ್ಷಿಗೆ ಔಷಧ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಅಥಣಿ, ಐನಾಪುರ, ಕಾಗವಾಡ ಎಂದು ಸುತ್ತುವವನಿಗೆ ಮನೆ ಯಾಕೆ ಎನ್ನುತ್ತಿದ್ದೆ. "ಚಿಂತಿ ಇಲ್ಲದಾವಗ ಸಂತ್ಯಾಗ ನಿದ್ದಿ" ಎಂದು ತೋಟದವರು ಚುಡಾಯಿಸುತ್ತಿದ್ದರು. ನಿಜ ಹೇಳಬೇಕೆಂದರೆ, ಆ ಖಾಲಿ ಮನೆಗೆ ನಾನು ಹೆದರಿದ್ದೆ. ಎಂಟು ವರ್ಷದ ಮಗಳು ಕರೋಶಿಯಲ್ಲಿ ತನ್ನ ಆಯಿಯ, ಅಂದರೆ ನನ್ನ ಅತ್ತೆಯ, ಮನೆಯಲ್ಲಿದ್ದಳು.

ತೊಂಬತ್ತರ ದಶಕದ ಆರಂಭ ಅದು. ಬೇಸಿಗೆ ರಜೆಗೆ ನನ್ನ ಜೊತೆ ಬಾ ಎಂದು ಮಗಳನ್ನು ಕರೆದೆ.

"ನಿನ್ನ ಗಾಡ್ಯಾಗ ಕತ್ತಲ ಐತಿ ಅಪ್ಪಾ. ನಾ ಬರಂಗಿಲ್ಲ" ಎಂದಳು.

ಕತ್ತಲೆ ತಾನೇ, ಅದಕ್ಕೆ ಮದ್ದು ನನ್ನ ಕೈಯಲ್ಲೇ ಇದೆ ಎಂದುಕೊಂಡೆ. ನಿಪ್ಪಾಣಿಯ ಗುಜರಿಯಲ್ಲಿ ಹಳೆಯ ಬಸ್ಸಿನ ಛತ್ತಿನ ಎರಡು ದೀಪ ಸಿಕ್ಕವು. ವೈರು ಎಳೆದು, ತಗಡಿಗೆ ಬಿಗಿದು, ಗುಂಡಿ ಒತ್ತಿದರೆ ಆರಲು ಬಂದ ಕೆಂಡದ ಹಾಗೆ ಕೆಂಪಗೆ ಕಂಡವು. ಬ್ಯಾಟರಿಯನ್ನು ಬೈಯುತ್ತ ಎರಡು ದಿನ ಕಳೆದೆ. ಕೊನೆಗೆ ಚಿಕ್ಕೋಡಿಯ ವೈರಿಂಗಿನವನೊಬ್ಬ ನೋಡಿ ನಕ್ಕ.

"ಇವು ಇಪ್ಪತ್ನಾಕ ವೋಲ್ಟಿನ ಬಲ್ಬ್ ಅದಾವ್ರಿ ಅಣ್ಣಾ. ನಿಮ್ಮ ಬ್ಯಾಟರಿ ಹನ್ನೆರಡರದು. ಅರ್ಧಾ ಹೊಟ್ಟಿ ಉಂಡು ಹೆಂಗ ದುಡೀತಾವು?"

ಅವನು ಹನ್ನೆರಡರ ಬಲ್ಬು ಹಾಕಿದ. ಗಾಡಿ ಚಾಲೂ ಮಾಡುವ ಬ್ಯಾಟರಿ ಇಳಿಯದಿರಲೆಂದು ದೀಪಕ್ಕೇ ಬೇರೆ ಬ್ಯಾಟರಿ ಕೂಡಿಸಿದ. ಆ ಬೆಳಕಿನಲ್ಲಿ ನನ್ನ ಹಾಸಿಗೆ, ಸ್ಟೋ, ಗೂಟದ ಅಂಗಿ ಎಲ್ಲ ಮೊದಲ ಸಲ ಒಟ್ಟಿಗೆ ಕಂಡವು. ಒಬ್ಬನ ಸಾಮಾನು ಎಷ್ಟು ಕಡಿಮೆ ಎಂಬುದೂ ಕಂಡಿತು.

ಮಗಳು ಬಂದಳು. ರಾಯಬಾಗದ ದಾರಿಯ ಒಂದು ತೋಟದ ಬದಿ ಗಾಡಿ ನಿಲ್ಲಿಸಿ, ಹೊತ್ತು ಮುಳುಗುವಾಗ ದೀಪ ಹಾಕಿದೆ. ಅವಳು ಕೈ ಮುಗಿದಳು. ನಾನು ಉಬ್ಬಿಹೋದೆ. ಆಮೇಲೆ ಅವಳು ಎದ್ದು ಹಿಂದಿನ ಬಾಗಿಲು ಎಳೆದು ಹಾಕಿದಳು. ಡ್ರೈವರ್ ಸೀಟಿಗೂ ನಮಗೂ ನಡುವೆ ತಗಡಿನ ಗೋಡೆಯಿತ್ತು. ಅಲ್ಲಿಗೆ ಹೋಗಿ ಅದನ್ನು ಮುಟ್ಟಿ ನಿಂತಳು.

"ಮುಂದಿನ ಬಾಗಿಲಾ ಎಲ್ಲೈತಿ?"

ದೀಪ ಹಚ್ಚಿದಾಗ ಹಿತ್ತಲ ಬಾಗಿಲು ಹಾಕಿ ಮುಂಬಾಗಿಲು ತೆರೆದಿಡುವುದು ನಮ್ಮ ಮನೆಗಳ ಪದ್ಧತಿ. ಲಕ್ಷ್ಮಿ ಮುಂದಿನಿಂದ ಬರಬೇಕು, ಹಿಂದಿನಿಂದ ಹೋಗಬಾರದು. ನನ್ನ ಗಾಡಿಯಲ್ಲಿ ನಾವಿದ್ದ ಭಾಗಕ್ಕೆ ಇದ್ದದ್ದು ಹಿಂದಿನ ಬಾಗಿಲೊಂದೇ. ವೈರು, ಬ್ಯಾಟರಿ ಎಲ್ಲ ಯೋಚಿಸಿದವನಿಗೆ ಇದು ಹೊಳೆದೇ ಇರಲಿಲ್ಲ.

"ಇದನ್ನ ಮುಂದಿನ ಬಾಗಿಲಾ ಅಂತ ತಿಳ್ಕೋ" ಎಂದೆ.

"ಸುಳ್ಳ ಹೇಳಬ್ಯಾಡ" ಎಂದು ಅಳತೊಡಗಿದಳು.

ಮರುದಿನ ಕರೋಶಿಗೆ ಬಿಟ್ಟುಬಂದೆ. ನಾಚಿಕೆಯಾದರೂ ಹೇಳುತ್ತೇನೆ, ಅಷ್ಟು ಸಣ್ಣ ಹುಡುಗಿಯ ಮೇಲೆ ನನಗೆ ಸಿಟ್ಟು ಬಂದಿತ್ತು.

ಮುಂದಿನ ಬೇಸಿಗೆಯೊಳಗೆ ಗಾಡಿಯ ಪಕ್ಕೆ ಕೊಯ್ಸಿ, ಮುಂಬಾಗಿಲಾಗಲಿ ಎಂದು ಹೊಸ ಬಾಗಿಲು ಇಡಿಸಿದೆ. ಅದರ ಮೇಲೆ ಮೂರನೆಯ ದೀಪ, ಕೆಳಗೆ ಹೊಸ್ತಿಲೆಂದು ಒಂದು ಹಲಗೆ. ಕರೋಶಿಗೆ ಹೋದಾಗ ಮಗಳು ಹೊರಬಂದು ಆ ಬಾಗಿಲನ್ನು ಎರಡು ಸಲ ತೆರೆದು ಹಾಕಿ ನೋಡಿದಳು. ದೀಪ ಹಾಕಿದಳು, ಆರಿಸಿದಳು.

"ಚಲೋ ಆಗೈತಿ ಅಪ್ಪಾ" ಎಂದಳು. "ಆದ್ರ ಆಯಿಗೆ ಈಗ ಕಣ್ಣ ಕಾಣಂಗಿಲ್ಲ. ನಾ ಬಂದ್ರ ಇಲ್ಲಿ ದೀಪಾ ಹಚ್ಚಾವ್ರ ಯಾರು?"

ಅವಳ ತಲೆ ಸವರಿ ಗಾಡಿ ಹತ್ತಿದೆ.

ಆ ಸಂಜೆ ಐನಾಪುರದ ತೋಟವೊಂದರ ಬದಿ ನಿಂತು, ಹಿಂದಿನ ಬಾಗಿಲು ಹಾಕಿ, ಹೊಸ ಬಾಗಿಲು ತೆರೆದು ದೀಪ ಹಾಕಿದೆ. ಲಕ್ಷ್ಮಿಯ ಗೊಡವೆ ನನಗಿರಲಿಲ್ಲ. ನನಗೆ ಮಗಳು ಬೇಕಾಗಿದ್ದಳು. ಬೆಳಕಿಗೆ ಹುಳ ಬಂದವು, ಸೊಳ್ಳೆ ಬಂದವು. ಬಾಗಿಲು ಹಾಕಲು ಮಾತ್ರ ಮನಸ್ಸಾಗಲಿಲ್ಲ.