ನೀರು ಮೊದಲು ಎಂದ ವಿಮಲಾ ಮೇಡಂ

ವಿಮಲಾ ಮೇಡಂ ಪಾಠವನ್ನು ಕಿವಿಗೆ ಹೇಳುತ್ತಿರಲಿಲ್ಲ, ಅಂಗೈಗೆ ಹೇಳುತ್ತಿದ್ದರು. ಗಾಜಿನ ಲೋಟದಲ್ಲಿ ಏನೋ ಕಲಸಿ, ಎದುರು ಸಿಕ್ಕವರ ಕೈಗಿಟ್ಟು "ಬಿಸಿನಾ, ತಣ್ಣಗಾ?" ಎಂದು ಕೇಳುತ್ತಿದ್ದರು. ಪೀಣ್ಯದ ನಮ್ಮ ಹೈಸ್ಕೂಲಿನಲ್ಲಿ ಅವರು ರಸಾಯನಶಾಸ್ತ್ರದ ಟೀಚರು, ನಾನು ಕಸ ಗುಡಿಸುವ ಆಯಾ. ಓದಿದ್ದು ಮೂರನೇ ಕ್ಲಾಸು. ಆದರೂ ನನ್ನನ್ನು ಬಿಡಲಿಲ್ಲ.

"ಪೊರಕೆ ಕೆಳಗಿಡು ಗೌರಮ್ಮ. ಇದನ್ನ ಹಿಡ್ಕೊ."

ಸುಣ್ಣದ ಕಲ್ಲು ಹಾಕಿದ ನೀರು ಸುಡುತ್ತಿತ್ತು. ನವಸಾಗರವೆಂಬ ಬಿಳಿ ಉಪ್ಪು ಕರಗಿಸಿದ್ದು ಮಡಕೆ ನೀರಿಗಿಂತ ತಣ್ಣಗಿತ್ತು.

"ಒಲೆ ಇಲ್ದೆ ಎಂಗೆ ಬಿಸಿಯಾಯ್ತು ಮೇಡಂ?"

"ಒಳಗೇ ಇತ್ತು ಕಣೆ. ನೀರು ಸೇರಿದಾಗ ಹೊರಗೆ ಬಂತು. ನವಸಾಗರ ಸುತ್ತಲಿನ ಶಾಖನ ನುಂಗ್ತು. ನುಂಗಿದ್ದು ಎಲ್ಲೂ ಹೋಗಲ್ಲ, ಒಳಗೇ ಇರುತ್ತೆ."

ಮೇಡಂ ಸಾಧು ಹೆಂಗಸೇನಲ್ಲ. ಹೆಡ್‌ಮಾಸ್ಟರು ಒಮ್ಮೆ ಪ್ರಯೋಗಶಾಲೆಗೆ ಬೀಗ ಹಾಕಿಸಿದಾಗ, ಅವರ ಕೋಣೆಯಲ್ಲೇ, ಅವರ ಮೇಜಿನ ಮೇಲೇ ಮಕ್ಕಳಿಗೆ ಕೆಮ್ಮು ಬರಿಸುವ ಗಂಧಕ ಸುಟ್ಟು ತೋರಿಸಿದರು. ಮೂರನೇ ದಿನಕ್ಕೆ ಬೀಗದ ಕೈ ತಾನಾಗಿ ಬಂತು.

ನನ್ನ ಮಗಳು ಮಂಜುಳಾ ಪಕ್ಕದ ರಸ್ತೆಯಲ್ಲಿ ಲೋಹದ ಸಾಮಾನಿಗೆ ಹೊಳಪಿನ ಲೇಪ ಕೊಡುವ ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಆಸಿಡ್ ಹೊರುವ ಗಂಡಸರು ಬೆಳಿಗ್ಗೆ ಬಂದು ಹೋಗಿಬಿಡುತ್ತಾರೆಂದು, ಸೂಪರ್‌ವೈಸರ್ ಪ್ರಭಾಕರ ತೊಟ್ಟಿಗೆ ಮೊದಲು ಗಟ್ಟಿ ಆಸಿಡ್ ತುಂಬಿಸುತ್ತಿದ್ದ. ಅದರ ಮೇಲೆ ಹೆಂಗಸರಿಂದ ಬಕೆಟ್ಟಿನಲ್ಲಿ ನೀರು ಸುರಿಸುತ್ತಿದ್ದ. ಒಂದು ದಿನ ಮಂಜುಳಾ ಸುರಿದ ನೀರು ಬಿದ್ದಲ್ಲೇ ಕುದಿದು ಆಸಿಡ್ ಸಮೇತ ಮುಖಕ್ಕೆ ಹಾರಿತು. ಎಡಗಣ್ಣು ಹೋಯಿತು. "ಕೆಲಸಗಾರಳ ಸ್ವಂತ ತಪ್ಪು" ಎಂದು ಅವನು ಕಾಗದ ಬರೆದ. ನನ್ನ ಮೂರನೇ ಕ್ಲಾಸಿನ ಓದಿಗೂ ಆ ಸಾಲು ಚೆನ್ನಾಗಿ ಅರ್ಥವಾಯಿತು.

"ಒಂದು ಚೊಂಬು ಆಸಿಡ್ ಕೊಡಿ ಮೇಡಂ. ಅವನ ಮುಖಕ್ಕೆ ಉಯ್ದು ಬತ್ತೀನಿ."

ಮೇಡಂ ಬಾಟಲಿಗಳನ್ನೆಲ್ಲ ಬೀರುವಿಗಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಿಂಗೆ ಅವನ ಮುಖ ಬೇಕೋ, ಬಾಯಿ ಬೇಕೋ? ತಪ್ಪು ಯಾರದು ಅಂತ ಅವನ ಬಾಯಿಂದಲೇ ಹೇಳಿಸ್ತೀನಿ. ಅಲ್ಲೀವರೆಗೂ ನವಸಾಗರದ ತರ ಇರು."

ಕಾರ್ಖಾನೆ ಇನ್‌ಸ್ಪೆಕ್ಟರ ಎದುರು ನಮ್ಮ ದೂರಿನ ವಿಚಾರಣೆಯ ದಿನ ಮೇಡಂ ಏನೂ ಅರಿಯದವರಂತೆ ಕೂತಿದ್ದರು. "ನಾನು ಮಕ್ಕಳಿಗೆ ಪಾಠ ಮಾಡೋಳು ಪ್ರಭಾಕರ್ ಅವರೇ. ತೊಟ್ಟಿ ಕೆಲಸ ಗೊತ್ತಿಲ್ಲ. ನೀವು ಹೇಗೆ ಬೆರೆಸ್ತೀರಿ?"

ಅವನು ಉಬ್ಬಿಹೋದ. "ಮೊದಲು ಆಸಿಡ್ ಮೇಡಂ, ಮೇಲಿಂದ ನೀರು. ನನ್ನ ಶೆಡ್ಡಲ್ಲಿ ಬೇರೆ ತರ ಮಾಡೋಕೆ ಯಾರನ್ನೂ ಬಿಡಲ್ಲ."

"ಬರ್ಕೊಳ್ಳಿ ಸಾರ್," ಎಂದರು ಮೇಡಂ ಇನ್‌ಸ್ಪೆಕ್ಟರಿಗೆ. ಚೀಲದಿಂದ ಲೋಟ ತೆಗೆದು ನೀರು ಹಾಕಿ, ಅದಕ್ಕೆ ಆಸಿಡ್ ಹನಿಹನಿಯಾಗಿ ಬಿಟ್ಟು ಕಲಕಿದರು. "ಹೊರಗಿಂದ ಮುಟ್ಟಿ. ಬಿಸಿನಾ, ತಣ್ಣಗಾ?"

ಪ್ರಭಾಕರ ಬೆರಳಿಟ್ಟು ಸರಕ್ಕನೆ ಎಳೆದುಕೊಂಡ.

"ಇದು ನೀರು ಮೊದಲು ಹಾಕಿದ್ದು. ಹುಟ್ಟಿದ ಶಾಖನ ಇಷ್ಟೂ ನೀರು ಹಂಚ್ಕೊಳ್ತು. ನೀವು ಆಸಿಡ್ ಮೇಲೆ ನೀರು ಸುರಿಸಿದ್ರಿ. ಮೇಲೆ ಬಿದ್ದ ಚೂರು ನೀರಿಗೆ ಅಷ್ಟೂ ಶಾಖ. ಅದು ಕುದಿದು ಹಾರದೆ ಇನ್ನೇನು ಮಾಡುತ್ತೆ?"

ಕಾಗದದ ಸಾಲು ಬದಲಾಯಿತು. ತಪ್ಪು ಸೂಪರ್‌ವೈಸರನದ್ದೆಂದಾಯಿತು, ಅವನ ಕೆಲಸವೂ ಹೋಯಿತು. ನನಗೆ ಸಾಲಲಿಲ್ಲ. ಅವನಿಗೆ ಎರಡು ಕಣ್ಣೂ ಇದ್ದವಲ್ಲ.

ಅವನು ಜಿಗಣಿಯ ಶೆಡ್ಡೊಂದಕ್ಕೆ ಸೇರಿದನೆಂದು ಕೇಳಿ ಅಲ್ಲಿಗೆ ಹೋಗಿ, ಗೇಟಿನಲ್ಲಿ ನಿಂತು ಮಂಜುಳಾಗೆ ಆದದ್ದನ್ನು ಹೆಂಗಸರಿಗೆಲ್ಲ ಹೇಳಿ ಬಂದೆ. ಆಗ ಮೇಡಂ ನಿವೃತ್ತರಾಗಿ ಜಾಲಹಳ್ಳಿಯ ಮನೆಯಲ್ಲಿದ್ದರು. ಸುದ್ದಿ ಕೇಳಿ ನಕ್ಕರು.

"ಇನ್ನೂ ಆರಿಲ್ವಾ ಗೌರಮ್ಮ?"

"ಇಲ್ಲ."

"ಹಾಗಾದ್ರೆ ಬರಿಗೈಲಿ ಹೋಗ್ಬೇಡ." ಒಂದು ಪೊಟ್ಟಣ ಸುಣ್ಣದ ಕಲ್ಲು ಕೊಟ್ಟರು. "ನಾನೂ ಬರ್ತಿದ್ದೆ, ಮೊಣಕಾಲು ಕೇಳಲ್ಲ."

ಅದೇ ಕೊನೆ. ಮೇಡಂ ಆ ಬೇಸಿಗೆಯಲ್ಲೇ ತೀರಿಕೊಂಡರು. ಪ್ರಭಾಕರ ಜಿಗಣಿ ಬಿಟ್ಟು ಅತ್ತಿಬೆಲೆಯ ಶೆಡ್ಡಿಗೆ ಹೋದ. ನಾನೂ ಹೋದೆ.

ಊಟದ ಹೊತ್ತಿಗೆ ಹೆಂಗಸರು ಗೇಟಿನ ಹೊರಗೆ ಬಂದರು. ಸ್ಟೀಲ್ ಲೋಟದ ನೀರಿಗೆ ಸುಣ್ಣದ ಕಲ್ಲು ಹಾಕಿ ಒಬ್ಬಳ ಕೈಗಿಟ್ಟೆ. "ಬಿಸಿನಾ, ತಣ್ಣಗಾ?"

"ಅಯ್ಯೋ, ಸುಡ್ತದೆ ಅಜ್ಜಿ!"

"ತೊಟ್ಟಿಗೆ ಮೊದಲು ಏನು ಆಕುಸ್ತಾನೆ ಆ ಪ್ರಭಾಕರ?"

"ನೀರು. ದಿನಾ ತಾನೇ ನಿಂತು ನೋಡ್ತಾನೆ. ಯಾರೋ ಮುದುಕಿ ಬರ್ತಾಳಂತೆ, ಅವಳ್ದೇ ಭಯವಂತೆ."

ಪ್ರಭಾಕರ ಗೇಟಿನ ಒಳಗೆ ನಿಂತಿದ್ದ. ಮೇಡಂ ಇದ್ದಿದ್ದರೆ ಅವತ್ತೇ ಜಾಲಹಳ್ಳಿಗೆ ಹೋಗಿ ಹೇಳುತ್ತಿದ್ದೆ. ಲೋಟ ಆರುವವರೆಗೂ ಅಲ್ಲೇ ನಿಂತೆ, ಅವನು ಚೆನ್ನಾಗಿ ನೋಡಲಿ ಎಂದು.