ಗುಲಾಬಿ ಟೈಲ್ಸಿನ ಕೋಣೆ ಮತ್ತು ನಮ್ಮ ಖೋ ಖೋ ಮೇಡಂ

ಹೋದ ತಿಂಗಳು ಮಗಳನ್ನು ಕಾಲೇಜಿಗೆ ಸೇರಿಸಲೆಂದು ವಿಜಯಪುರಕ್ಕೆ ಹೋಗಿದ್ದೆ. ಆಫೀಸಿನ ಹುಡುಗಿಯೊಬ್ಬಳು ನಮ್ಮನ್ನು ಗ್ರಂಥಾಲಯ, ಹಾಸ್ಟೆಲ್ಲು, ಕ್ಯಾಂಟೀನು ಎಂದು ಸುತ್ತಾಡಿಸಿ ಕೊನೆಗೆ ಹೆಣ್ಣುಮಕ್ಕಳ ವಿಶ್ರಾಂತಿ ಕೋಣೆಯ ಬಾಗಿಲು ತೆರೆದಳು. ಒಳಗಿನಿಂದ ನಾತ ಮುಚ್ಚಲು ಹಾಕುವ ಡಾಂಬರು ಗುಳಿಗೆಯ, ಅಂದರೆ ಬಿಳಿ ನುಸಿಗುಳಿಗೆಯ, ಘಾಟು ಬಂದು ಮೂಗಿಗೆ ಬಡಿಯಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದೆ. ಮಗಳು ಗಾಬರಿಯಾದಳು. ಕೋಣೆಯೇನೋ ಲಕ್ಷಣವಾಗಿತ್ತು, ನಲ್ಲಿಯಲ್ಲಿ ನೀರೂ ಇತ್ತು. ಹೊಲಸು ಇದ್ದದ್ದು ನನ್ನ ನೆನಪಿನಲ್ಲಿ…

ನಮ್ಮೂರು ಮಹಾರಾಷ್ಟ್ರದ ಗಡಿಯೊಳಗಿನ ಸೋನ್ಯಾಳ, ಮನೆಮಾತು ಕನ್ನಡ. ಕನ್ನಡ ಸಾಲೆ ಮುಗಿಸಿ ತಾಲೂಕಿನ ಊರಾದ ಜತ್ತದಲ್ಲಿ ಮರಾಠಿ ಕಾಲೇಜು ಸೇರಿದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಮುಂಜಾನೆ ಎಸ್ಟಿ ಬಸ್ಸು ಹತ್ತಿದರೆ ಮನೆಗೆ ಮರಳುವುದು ಹೊತ್ತು ಮುಳುಗುವಾಗ. ಕಾಲೇಜಿನಲ್ಲಿ ಹುಡುಗಿಯರಿಗೆಂದು ಇದ್ದದ್ದು ಹಿಂದಿನ ಗೋಡೆಗೆ ಹತ್ತಿಸಿ ಕಟ್ಟಿದ ತಗಡಿನ ಎರಡು ಗೂಡು. ಅದಕ್ಕೆ ಮೇಲೆ ಚಾವಣಿಯಿಲ್ಲ, ಬಾಗಿಲಿಗೆ ಚಿಲಕವಿಲ್ಲ. ವಿಜ್ಞಾನ ವಿಭಾಗದ ಮೆಟ್ಟಿಲ ಮೇಲೆ ನಿಂತರೆ ಒಳಗೆಲ್ಲ ಕಾಣುತ್ತಿತ್ತು. ಗಂಡುಹುಡುಗರು ಅಲ್ಲೇ ನಿಲ್ಲುತ್ತಿದ್ದರು. ಹಂದಿಗಳು ನಮಗಿಂತ ಮೊದಲು ಅಲ್ಲಿಗೆ ಹೋಗಿರುತ್ತಿದ್ದವು. ಹೀಗಾಗಿ ನಾವು ಯಾರೂ ಹೋಗುತ್ತಿರಲಿಲ್ಲ. ಮುಂಜಾನೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ತುಟಿ ಒಡೆದು ಹೊಟ್ಟೆಯ ಕೆಳಗೆ ನೋವು ಹಿಡಿದುಕೊಂಡು ಪಾಠ ಕೇಳುವುದು ಹೆಣ್ಣುಮಕ್ಕಳ ಓದಿನ ಒಂದು ಭಾಗವೇ ಎಂದು ತಿಳಿದಿದ್ದೆವು.

ಅಂಥಲ್ಲಿ ನಮಗೆ ಸಿಕ್ಕವರು ಖೋ ಖೋ ಮೇಡಂ. ವಿಜಯಪುರದವರು, ಮದುವೆ ಆಗಿರಲಿಲ್ಲ. ಹುಡುಗಿಯರಿಗೆ ಆಟ ಕಲಿಸಲು ತಾಸಿನ ಲೆಕ್ಕದಲ್ಲಿ ನೇಮಿಸಿಕೊಂಡಿದ್ದರು. ಅಂಥವರನ್ನು ಖಾಯಂ ಪ್ರಾಧ್ಯಾಪಕರು ಸ್ಟಾಫ್ ರೂಮಿನ ಕುರ್ಚಿಯ ಮೇಲೂ ಕೂರಗೊಡುತ್ತಿರಲಿಲ್ಲ. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ, ದವಡೆಯಲ್ಲಿ ಯಾವಾಗಲೂ ಅಡಿಕೆ ಚೂರು. ಭಾರೀ ಸಿಟ್ಟಿನ ಹೆಂಗಸು. ಮೈದಾನದಲ್ಲಿ ಯಾರಾದರೂ ಕಾಲೆಳೆದು ಓಡಿದರೆ, "ಏ, ಮಾವನ ಮನಿಗೆ ಹೊಂಟೀಯೇನ? ಲಗೂನ ಓಡ!" ಎಂದು ಒದರುತ್ತಿದ್ದರು. ಕಾಲೇಜಿನಲ್ಲೆಲ್ಲ ಮರಾಠಿ ಇದ್ದರೂ ನಮ್ಮ ಮೈದಾನದಲ್ಲಿ ಮಾತ್ರ ಕನ್ನಡ. ಆಟವಾದ ಮೇಲೆ ಬೇವಿನ ಮರದ ಕೆಳಗೆ ನಮ್ಮ ರೊಟ್ಟಿಯನ್ನು ಕೇಳಿ ಇಸಿದುಕೊಂಡು ತಿನ್ನುತ್ತಿದ್ದರು.

ನನ್ನಪ್ಪ ನನ್ನನ್ನು ಆಟಕ್ಕೆ ಬಿಡುವುದಿಲ್ಲ ಅಂದಾಗ ಮೇಡಂ ತಾವೇ ಸೋನ್ಯಾಳಕ್ಕೆ ಬಂದರು. ಅಂಗಳದಲ್ಲಿ ಕೂತು ಚಹಾ ಕುಡಿದು, "ನಿಮ್ಮ ಮಗಳಿಗೆ ದೇವರು ಕಾಲ ಚಲೋ ಕೊಟ್ಟಾನ್ರಿ. ವಿದ್ಯಾಪೀಠದ ತಂಡದಾಗ ಆಡಿದ್ರ ನಾಳೆ ನೌಕರಿಗೆ ದಾರಿ ಆಕ್ಕೈತಿ. ನೀವು ಬ್ಯಾಡ ಅಂದ್ರ ನಾಳೆ ಆಕಿ ನಿಮ್ಮನ್ನ ಬಯ್ಯೂದಿಲ್ಲ, ನಾ ಬಯ್ತೀನಿ" ಅಂದರು. ಅಪ್ಪ ನಕ್ಕುಬಿಟ್ಟ. ನಮ್ಮ ತಂಡದಲ್ಲಿ ನನಗಿಂತ ಚುರುಕಾಗಿದ್ದವಳು ಮಾಡಗ್ಯಾಳದ ಜುಬೇದಾ. ಅವಳಪ್ಪ ಕುರಿ ವ್ಯಾಪಾರ ಮಾಡುತ್ತಿದ್ದ. ಅವಳನ್ನೂ ಮೇಡಂ ಹೀಗೆಯೇ ಮನೆಗೆ ಹೋಗಿ ತಂದದ್ದು.

ಎರಡನೆಯ ವರ್ಷ ಕಾಲೇಜಿನಲ್ಲಿ ಹೆಣ್ಣುಮಕ್ಕಳ ಸೌಲಭ್ಯ ಕೇಂದ್ರವೆಂದು ಹೊಸ ಕಟ್ಟಡ ಎದ್ದಿತು. ಗುಲಾಬಿ ಬಣ್ಣದ ಟೈಲ್ಸು, ಆಳೆತ್ತರದ ಕನ್ನಡಿ, ಸಾಲಾಗಿ ಬಿಳಿ ಬೇಸಿನ್ನು. ಉದ್ಘಾಟನೆಗೆ ಖೋ ಖೋ ತಂಡದವರೇ ಆರತಿ ತಟ್ಟೆ ಹಿಡಿದು ನಿಂತೆವು. ಸಂಸ್ಥೆಯ ಕಾರ್ಯದರ್ಶಿ ಸಾಹೇಬರು ಹೆಣ್ಣು ಓದಿದರೆ ಎರಡು ಮನೆ ಓದಿದಂತೆ ಎಂದು ಭಾಷಣ ಮಾಡಿ ರಿಬ್ಬನ್ನು ಕತ್ತರಿಸಿದರು. ಅತಿಥಿಗಳ ಕಾರು ಹೊರಟ ಕೂಡಲೇ ಸಿಪಾಯಿ ಬಂದು ಬಾಗಿಲಿಗೆ ಕೀಲಿ ಜಡಿದ.

ಮೇಡಂ ಪ್ರಿನ್ಸಿಪಾಲರನ್ನು ಕೇಳಿದರು. ಕಾಲೇಜಿಗೆ ದರ್ಜೆ ಕೊಡುವ ಕಮಿಟಿ ಬರುವುದಿದೆ, ಅಲ್ಲಿಯ ತನಕ ಹೊಸದಾಗಿಯೇ ಇರಬೇಕು, ಹಳ್ಳಿ ಹುಡುಗಿಯರಿಗೆ ಕೊಟ್ಟರೆ ನಾಲ್ಕು ದಿನದಲ್ಲಿ ಹಾಳು ಮಾಡುತ್ತಾರೆ ಎಂದರಂತೆ ಅವರು. ಕಮಿಟಿ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ನಾವು ಆ ಗುಲಾಬಿ ಗೋಡೆಯನ್ನು ಕಿಟಕಿಯ ಗಾಜಿನಿಂದ ನೋಡುತ್ತ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿದ್ದೆವು.

ಕೀಲಿ ತೆಗೆಯುತ್ತಲೇ ಇರಲಿಲ್ಲ ಅಂತಲ್ಲ. ಸಾಹೇಬರ ಪರಿಚಯದ ಪುಢಾರಿಗಳು ಬಂದಾಗ ತೆಗೆಯುತ್ತಿದ್ದರು. ಕಾಲೇಜಿನ ವಾರ್ಷಿಕ ಸ್ನೇಹ ಸಮ್ಮೇಳನದ ದಿನ ಧೋತರ, ಜುಬ್ಬಾ ತೊಟ್ಟ ಗಂಡಸರು ಒಬ್ಬರ ಹಿಂದೊಬ್ಬರು ಅದರೊಳಗೆ ಹೋಗಿ ಬಂದರು. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಹೆಣ್ಣುಮಕ್ಕಳಿಗಾಗಿ ಎಂದು ಬರೆದಿತ್ತು. ಬೇಸಿನ್ನಿನ ತುಂಬ ತಂಬಾಕಿನ ಉಗುಳು, ಕನ್ನಡಿಯ ಮೇಲೆ ಎಲೆಅಡಿಕೆಯ ಕೆಂಪು. ಹಾಗೆಯೇ ಕೀಲಿ ಹಾಕಿದರು. ಬೇಸಿಗೆಯೆಲ್ಲ ಅದು ಒಳಗೇ ಕೊಳೆಯಿತು.

ಮೂರನೆಯ ವರ್ಷ ಕಮಿಟಿ ಬರುವುದು ಖಾತ್ರಿಯಾದಾಗ ಪ್ರಿನ್ಸಿಪಾಲರು ಮೇಡಂ ಅವರನ್ನು ಕರೆದು, ನಿಮ್ಮ ಹುಡುಗಿಯರಿಂದ ಅದನ್ನು ತೊಳೆಸಿರಿ, ಶ್ರಮದಾನ ಅಂತ ಫೋಟೋ ತೆಗೆಸೋಣ ಎಂದರು. ನಾವು ಒಲ್ಲೆವೆಂದೆವು. ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ತೊಳೀರಿ. ತೊಳದ ಮ್ಯಾಲೆ ಕೀಲಿ ನನ್ನ ಕೈಯಾಗ ಕೊಡ್ತೀನಿ ಅಂದಾರ. ಅಷ್ಟರ ಆಗ್ಲಿ" ಅಂದರು. ಬಾಗಿಲು ತೆಗೆದಾಗ ಬಂದ ನಾತಕ್ಕೆ ಜುಬೇದಾ ವಾಂತಿ ಮಾಡಿಕೊಂಡಳು. ನಲ್ಲಿ ತಿರುವಿದರೆ ನೀರಿಲ್ಲ. ಮೇಡಂ ಬಗ್ಗಿ ನೋಡಿದರು. ಬೇಸಿನ್ನಿನ ಕೆಳಗೆ ಪೈಪೇ ಇರಲಿಲ್ಲ. ಕಟ್ಟಿದವರು ನಲ್ಲಿಗಳನ್ನು ಗೋಡೆಗೆ ಬರಿದೇ ಸಿಕ್ಕಿಸಿ ಹೋಗಿದ್ದರು. ಹೊರಗಿನ ಬೋರಿನಿಂದ ಕೊಡ ಹೊತ್ತು ತಂದು, ಯಾರದೋ ಗಂಡಸರ ಉಗುಳನ್ನು ಉಜ್ಜಿ ಉಜ್ಜಿ ತೆಗೆದೆವು. ಮೇಡಂ ನಮಗಿಂತ ಮೊದಲು ಕಸಬರಿಗೆ ಹಿಡಿದಿದ್ದರು. ಸಿಪಾಯಿ ಮೂಲೆಮೂಲೆಗೆ ಮುಷ್ಟಿಗಟ್ಟಲೆ ಡಾಂಬರು ಗುಳಿಗೆ ಎಸೆದ. ಫೋಟೋ ತೆಗೆದದ್ದಾಯಿತು. ಆಮೇಲೆ ಅವನು ಮೇಡಂ ಅವರ ಕಣ್ಣೆದುರಿಗೇ ಕೀಲಿ ಹಾಕಿ ಕೀಲಿಕೈಯನ್ನು ತನ್ನ ಕಿಸೆಗೆ ಸೇರಿಸಿದ. ಅವರು ಕೈ ಚಾಚಿದ್ದರು… ಆ ಕೈ ಹಾಗೆಯೇ ಗಾಳಿಯಲ್ಲಿ ಇದ್ದದ್ದು ನನ್ನ ಕಣ್ಣಿಗೆ ಕಟ್ಟಿದೆ.

ಅದೇ ವಾರ ಜುಬೇದಾಗೆ ಜ್ವರ ಬಂತು. ಉಚ್ಚೆಯಲ್ಲಿ ರಕ್ತ ಹೋಗತೊಡಗಿತು. ದಿನವೆಲ್ಲ ತಡೆದುಕೊಂಡು ಒಳಗೆ ಸೋಂಕಾಗಿದೆ ಎಂದು ಮಿರಜದ ದವಾಖಾನೆಯಲ್ಲಿ ಹೇಳಿದರಂತೆ. ಮೇಡಂ ನನ್ನನ್ನು ಕರೆದುಕೊಂಡು ಮಾಡಗ್ಯಾಳಕ್ಕೆ ಹೋದರು. ಜುಬೇದಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳಪ್ಪ ಸಿಟ್ಟು ಮಾಡಲಿಲ್ಲ. "ಬರ್ರಿ, ಕುಂದ್ರಿ" ಎಂದು ಚಾಪೆ ಹಾಸಿದ. ಆಮೇಲೆ ಕೇಳಿದ: "ಮೇಡಂ, ನಮ್ಮ ಕುರಿಗೂ ನಾವು ಹೊತ್ತಿಗೆ ನೀರ ಕುಡಸ್ತೀವಿ. ಇಷ್ಟ ದೊಡ್ಡ ಕಾಲೇಜದಾಗ ಹೆಣ್ಮಕ್ಕಳು ಹೋಗಾಕ ಒಂದ ಜಾಗಾ ಇಲ್ಲೇನ್ರಿ?"

"ಐತ್ರಿ," ಅಂದರು ಮೇಡಂ. "ಕೀಲಿ ಹಾಕ್ಯಾರ. ನಾ ತಗಸ್ತೀನಿ. ತಗಸಿದ ಮ್ಯಾಲೆ ಮತ್ತ ಕಳಸ್ತೀರೇನು?"

"ನೀವು ಹೇಳಿದ್ರ ಕಳಸ್ತೀನ್ರಿ."

ಕಮಿಟಿ ಬಂದ ದಿನ ನಮ್ಮನ್ನು ಆಟದ ಡ್ರೆಸ್ಸಿನಲ್ಲಿ ಆ ಕಟ್ಟಡದ ಮುಂದೆ ಸಾಲಾಗಿ ನಿಲ್ಲಿಸಿದ್ದರು. ಸದಸ್ಯರಲ್ಲಿ ಒಬ್ಬ ಹೆಂಗಸಿದ್ದಳು. ರೇಷ್ಮೆ ಸೀರೆ, ಮಲ್ಲಿಗೆ ದಂಡೆ. ಹುಡುಗಿಯರು ಇಡೀ ದಿನ ಇದನ್ನು ಬಳಸುತ್ತಾರೆ ಎಂದು ಪ್ರಿನ್ಸಿಪಾಲರು ಹಲ್ಲು ಕಿರಿದರು. ಆಕೆ ನಮ್ಮ ಕಡೆ ತಿರುಗಿ, ಅನುಕೂಲ ಇದೆಯಾ ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಸಾಲು ಬಿಟ್ಟು ಮುಂದೆ ಬಂದರು.

"ಹುಡುಗಿಯರನ್ನು ಕೇಳಬೇಡಿ ಬಾಯಿಸಾಹೇಬರೇ. ಒಳಗೆ ಹೋಗಿ ಆ ನಲ್ಲಿ ತಿರುವಿ ನೋಡಿ," ಎಂದು ಸ್ವಚ್ಛ ಮರಾಠಿಯಲ್ಲಿ ಹೇಳಿದರು.

ಆಕೆ ಒಳಗೆ ಹೋಗಿ ತಿರುವಿದಳು. ನೀರಿನ ಬದಲು ನಲ್ಲಿಯ ಬಾಯಿಯಿಂದ ಒಂದು ಜಿರಳೆ ಮೀಸೆ ಹೊರಚಾಚಿ ಮತ್ತೆ ಒಳಗೆ ಎಳೆದುಕೊಂಡಿತು. ಪ್ರಿನ್ಸಿಪಾಲರು, ಇವತ್ತು ಕರೆಂಟಿಲ್ಲ, ಹಾಗಾಗಿ ಪಂಪು ನಡೆದಿಲ್ಲ ಎಂದರು. ಅವರ ನೆತ್ತಿಯ ಮೇಲೆ ಟ್ಯೂಬ್‌ಲೈಟು ಬೆಳಗುತ್ತಿತ್ತು. ಆಕೆ ಟ್ಯೂಬ್‌ಲೈಟನ್ನು ನೋಡಿದಳು, ಪ್ರಿನ್ಸಿಪಾಲರನ್ನು ನೋಡಿದಳು, ನಮ್ಮನ್ನೂ ನೋಡಿದಳು. ಆಮೇಲೆ ಕರವಸ್ತ್ರದಿಂದ ಬೆರಳು ಒರೆಸಿಕೊಂಡು, ಚಹಾ ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದಳು.

ಸಾಹೇಬರಿಗಿಂತ, ಪ್ರಿನ್ಸಿಪಾಲರಿಗಿಂತ ಆಕೆಯ ಆ ಕರವಸ್ತ್ರ ನನಗೆ ಇಂದಿಗೂ ಹೆಚ್ಚು ಹೇಸಿಗೆ ತರುತ್ತದೆ. ಅವಳು ಹೆಣ್ಣು. ಅವಳಿಗೆ ತಿಳಿದಿತ್ತು.

ಕಾಲೇಜಿಗೆ ಒಳ್ಳೆಯ ದರ್ಜೆ ಸಿಕ್ಕಿತು. ಪೇಡೆ ಹಂಚಿದರು, ನನ್ನ ಪಾಲಿನದನ್ನು ಹಂದಿಗಳಿಗೆ ಎಸೆದೆ. ಮುಂದಿನ ಟರ್ಮಿಗೆ ಮೇಡಂ ಅವರನ್ನು ಕರೆಯಲಿಲ್ಲ. ತಾಸಿನ ಲೆಕ್ಕದವರನ್ನು ತೆಗೆಯುವುದೂ ಬೇಕಾಗುವುದಿಲ್ಲ, ಕರೆಯದಿದ್ದರೆ ಸಾಕು. ಆ ವರ್ಷದ ಮಾಹಿತಿ ಪುಸ್ತಕದಲ್ಲಿ ನಾವು ಕಸಬರಿಗೆ ಹಿಡಿದ ಫೋಟೋ ಅಚ್ಚಾಯಿತು. ಕ್ಯಾಂಪಸ್ ಚಟುವಟಿಕೆಗಳಲ್ಲಿ ವಿದ್ಯಾರ್ಥಿನಿಯರ ಉತ್ಸಾಹದ ಪಾಲ್ಗೊಳ್ಳುವಿಕೆ ಎಂದು ಅದರ ಕೆಳಗೆ ಬರೆದಿದ್ದರು. ಮೇಡಂ ನಿಂತಿದ್ದ ಕಡೆಯನ್ನು ಕತ್ತರಿಸಿ ತೆಗೆದಿದ್ದರು.

ಅವರು ಊರು ಬಿಡುವ ದಿನ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ನಾನು ಅಳತೊಡಗಿದಾಗ ಸಿಟ್ಟಿಗೆದ್ದರು. "ಅಳಬ್ಯಾಡ. ವಿದ್ಯಾಪೀಠದ ಆಯ್ಕೆಗೆ ಹೋಗು. ನಾ ಇಲ್ಲಂತ ಮನ್ಯಾಗ ಕುಂತೀಯಂದ್ರ ನೋಡು ಮತ್ತ." ಬಸ್ಸು ಬಂತು. ಕಿಟಕಿಯ ಬದಿಗೆ ಕೂತ ಮೇಲೆ ಮೆಲ್ಲಗೆ, "ಜುಬೇದಾನ ಅಪ್ಪಗ ಮಾತ ಕೊಟ್ಟಿದ್ನಲ್ಲ…" ಅಂದರು. ಮಾತು ಮುಗಿಯುವ ಮೊದಲೇ ಬಸ್ಸು ಹೊರಟಿತು.

ನಾನು ಆಯ್ಕೆಗೆ ಹೋದೆ, ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದೆ, ಆ ಬಲದಿಂದಲೇ ಮುಂದೆ ನೌಕರಿಯೂ ಆಯಿತು. ಜುಬೇದಾಳ ಮದುವೆ ಅದೇ ವರ್ಷ ಮಾಡಿದರು. ಅವಳು ಮತ್ತೆ ಓದಲಿಲ್ಲ, ಓಡಲಿಲ್ಲ.

ವಿಜಯಪುರದ ಕಾಲೇಜಿನಿಂದ ಹೊರಬಂದ ಮೇಲೆ ಮಗಳಿಗೆ ಇದನ್ನೆಲ್ಲ ಹೇಳಿದೆ. "ಅವರ ಮನಿಗೆ ಹೋಗೂಣ ನಡಿಯವ್ವ" ಅಂದಳು. ಮೇಡಂ ಹೇಳುತ್ತಿದ್ದ ಓಣಿಯ ಹೆಸರು ನೆನಪಿತ್ತು. ಕೇಳುತ್ತ ಕೇಳುತ್ತ ಹೋಗಿ ಬಾಗಿಲು ತಟ್ಟಿದರೆ ಅವರ ತಂಗಿ ಹೊರಗೆ ಬಂದರು. ಒಳಗೆ ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋ ಇತ್ತು. ತೀರಿಕೊಂಡು ಬಹಳ ವರ್ಷವಾಗಿತ್ತಂತೆ.

"ಕಿಡ್ನಿ ಹ್ವಾದುವ್ರಿ," ಅಂದರು ತಂಗಿ. "ಅಕ್ಕ ನೀರೇ ಕುಡೀತಿದ್ದಿಲ್ಲ. ಜತ್ತಿನಾಗ ಇದ್ದಾಗ ಬಿದ್ದ ರೂಢಿ. ಮುಂಜಾನಿ ಒಂದ ಕಪ್ಪ ಚಹಾ, ಮುಗೀತು. ಯಾಕ ಅಂತ ಕೇಳಿದ್ರ, ಅಲ್ಲಿ ಹೋಗಾಕ ಜಾಗಾ ಎಲ್ಲಿತ್ತ ಅಂತಿದ್ಲು."

ಅದರಿಂದಲೇ ಹೀಗಾಯಿತು ಎಂದು ಯಾವ ಡಾಕ್ಟರೂ ಹೇಳಿರಲಿಕ್ಕಿಲ್ಲ. ನಾನು ಎದ್ದು ಆ ಫೋಟೋದ ಹತ್ತಿರ ಹೋಗಿ ನಿಂತೆ. ಹುಡುಗಿಯರಿಗೆ ಕೀಲಿ ತೆಗೆಯಿರಿ, ಹುಡುಗಿಯರಿಗೆ ಕೀಲಿ ತೆಗೆಯಿರಿ ಎಂದೇ ಮೇಡಂ ಕೇಳುತ್ತಿದ್ದರು. ನನಗೂ ತೆಗೆಯಿರಿ ಎಂದು ಅವರು ಒಮ್ಮೆಯೂ ಕೇಳಿದ್ದಿಲ್ಲ. ನಾವು ಮೂರು ವರ್ಷಕ್ಕೆ ಹೊರಬಿದ್ದೆವು. ಅವರು ನಮಗಿಂತ ಎಷ್ಟೋ ಮೊದಲಿನಿಂದ ಅಲ್ಲಿದ್ದರು…

ಫೋಟೋದಲ್ಲಿ ಅವರಿಗೆ ಈಗಿನ ನನಗಿಂತ ಕಡಿಮೆ ವಯಸ್ಸು. ನನ್ನ ಮಗಳೂ ಖೋ ಖೋ ಆಡುತ್ತಾಳೆ ಎಂದು ಮೇಡಂ ಅವರಿಗೆ ಹೇಳಬೇಕೆಂದುಕೊಂಡು ಬಂದಿದ್ದೆ. ತಂಗಿಗೆ ಹೇಳಿದೆ. "ಹೌದಾ? ಚಲೋ ಆತು ಬಿಡ್ರಿ," ಅಂದರು ಅವರು. ಅವರಿಗೆ ಆ ಆಟ ಹೇಗಿರುತ್ತದೆಂದು ಗೊತ್ತಿದ್ದಂತೆ ಕಾಣಲಿಲ್ಲ.