ಚೀಟಿಯ ಮಾತು, ಮೇಷ್ಟ್ರ ಬಾಯಿ

ಗಂಟೆ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಗರಸಭೆಯ ವಾಚನಾಲಯದಲ್ಲಿ ಇಪ್ಪತ್ತಾರು ವರ್ಷ ಬೆಳಗ್ಗೆ ಬಾಗಿಲು ತೆಗೆದು, ಪತ್ರಿಕೆಗಳನ್ನು ಮರದ ಪಟ್ಟಿಗೆ ಸಿಕ್ಕಿಸಿ, ಕುರ್ಚಿ ಒರೆಸಿ, ಸಂಜೆ ಬಾಗಿಲು ಹಾಕಿದವರು. ಮೇಷ್ಟ್ರು ಎನ್ನುವ ಹೆಸರು ಬಂದದ್ದು ಅಲ್ಲಿ ಶನಿವಾರ ಸಂಜೆ ನಡೆಯುತ್ತಿದ್ದ ಚರ್ಚೆಯಿಂದ. ಒಬ್ಬೊಬ್ಬರಿಗೆ ಮೂರು ನಿಮಿಷ. ಮೂರು ನಿಮಿಷ ಆದೊಡನೆ ಮೇಷ್ಟ್ರು ಮೇಜಿನ ಮೇಲಿನ ಹಿತ್ತಾಳೆ ಗಂಟೆಯನ್ನು ಒಮ್ಮೆ ತಟ್ಟುತ್ತಿದ್ದರು. ತಟ್ಟಿದರೆಂದರೆ ತೀರಿತು, ಬಾಯಲ್ಲಿದ್ದ ಮಾತು ಬಾಯಲ್ಲೇ. ಒಮ್ಮೆ ಒಬ್ಬ ನಿವೃತ್ತ ನ್ಯಾಯಾಧೀಶರು "ಆದ್ದರಿಂದ" ಎಂದಲ್ಲಿಗೆ ಗಂಟೆ ಬಿತ್ತು. ಆ ಆದ್ದರಿಂದದ ಮುಂದೆ ಏನಿತ್ತೆಂದು ಊರಿಗೆ ಇವತ್ತಿಗೂ ಗೊತ್ತಿಲ್ಲ.

ಆ ಊರಿನಲ್ಲಿ ಎರಡೇ ಜಾತಿ. ನೀರು, ಬಸ್ಸು, ಆಸ್ಪತ್ರೆ ಎಲ್ಲವನ್ನೂ ಸರ್ಕಾರವೇ ನೋಡಿಕೊಳ್ಳಬೇಕು ಅನ್ನುವವರು ಹಿಗ್ಗಿಸೋರು. ಸರ್ಕಾರ ಕೈ ಹಿಂದಕ್ಕೆಳೆದುಕೊಂಡಷ್ಟೂ ಊರು ಸುಖವಾಗಿರುತ್ತದೆ ಅನ್ನುವವರು ಕುಗ್ಗಿಸೋರು. ಒಂದು ಸಲ ಹೆಸರು ಅಂಟಿತೆಂದರೆ ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಕುಗ್ಗಿಸೋನು ಮಳೆ ಬರುತ್ತದೆ ಎಂದರೆ ಹಿಗ್ಗಿಸೋನು ಬೇಕೆಂತಲೇ ಕೊಡೆ ಮನೆಯಲ್ಲಿಟ್ಟು ಹೋಗುತ್ತಿದ್ದ, ನೆನೆದು ಬಂದು ಮಳೆಯೇ ಬಂದಿಲ್ಲ ಎನ್ನುತ್ತಿದ್ದ.

ಚರ್ಚೆ ಶುರುವಾದ ಹೊಸದರಲ್ಲಿ, ಬಸ್ಸನ್ನು ಸರ್ಕಾರ ಓಡಿಸಬೇಕೋ ಬೇಡವೋ ಎಂಬ ವಿಷಯಕ್ಕೆ ಒಂದು ಸ್ಟೂಲು ಹಾರಿ ಕಪಾಟಿನ ಗಾಜು ಪುಡಿಯಾಯಿತು. ಗಾಜು ಗುಡಿಸಿದವರು ಮೇಷ್ಟ್ರೇ. ಮುಂದಿನ ಶನಿವಾರ ಅವರು ಮನೆಯಿಂದ ಒಂದು ಬಿಸ್ಕೆಟ್ ಡಬ್ಬ ತಂದರು. ಒಳಗೆ ಚೀಟಿಗಳು. ಅರ್ಧದಲ್ಲಿ 'ಬೇಕು', ಅರ್ಧದಲ್ಲಿ 'ಬೇಡ'. ನಿಯಮ ಎರಡು. ಒಂದು, ಚೀಟಿಯಲ್ಲಿ ಬಂದ ಕಡೆಯನ್ನೇ ಹಿಡಿದು ಮಾತಾಡಬೇಕು, ಸ್ವಂತ ಅಭಿಪ್ರಾಯ ಮನೆಯಲ್ಲಿಟ್ಟು ಬರಬೇಕು. ಎರಡು, ತನ್ನ ವಾದ ಶುರುಮಾಡುವ ಮೊದಲು ಎದುರಿನವರ ವಾದವನ್ನು ಅವರೇ ಹೌದೆಂದು ತಲೆಯಾಡಿಸುವ ಹಾಗೆ ಹೇಳಬೇಕು. ತಲೆಯಾಡಿಸುವ ತನಕ ಮುಂದೆ ಹೋಗುವ ಹಾಗಿಲ್ಲ. ಗೋಡೆಯ ಮೇಲೆ ಮೇಷ್ಟ್ರು ನೀಲಿ ಬಣ್ಣದಲ್ಲಿ ಬರೆದರು: 'ಇಲ್ಲಿ ಆಡಿದ್ದು ಚೀಟಿಯ ಮಾತು.'

ಆಮೇಲೆ ಇಪ್ಪತ್ತೆರಡು ವರ್ಷ ಒಂದು ಸ್ಟೂಲೂ ಹಾರಲಿಲ್ಲ. ಎದುರು ಬೀದಿಯಲ್ಲಿ ಬೀಗ ರಿಪೇರಿ ಮಾಡುವವನು ಊರಿಗೇ ದೊಡ್ಡ ಕುಗ್ಗಿಸೋನು. ಅವನಿಗೆ ಒಮ್ಮೆ ಸರ್ಕಾರಿ ಆಸ್ಪತ್ರೆಯ ವಿಷಯದಲ್ಲಿ 'ಬೇಕು' ಬಂತು. ಅವನು ಆಡಿದ ಮಾತಿಗೆ ಮೂವತ್ತು ವರ್ಷ ಅದೇ ಆಸ್ಪತ್ರೆಯಲ್ಲಿ ದುಡಿದಿದ್ದ ನರ್ಸಮ್ಮ ಕಣ್ಣೊರೆಸಿಕೊಂಡರು.

"ನಮ್ಮ ಕಡೆ ಮಾತು ನಮಗಿಂತ ನೀನೇ ಚೆನ್ನಾಗಿ ಆಡ್ತೀಯಲ್ಲೋ, ಈ ಕಡೆ ಬಂದುಬಿಡು" ಎಂದರು ನರ್ಸಮ್ಮ.

"ನಾನು ಬಂದ್ರೆ ಆ ಕಡೆಯಿಂದ ನಿಮ್ಮನ್ನ ಇಷ್ಟು ಚೆನ್ನಾಗಿ ಬೈಯೋರು ಯಾರಿದ್ದಾರಮ್ಮ?" ಎಂದ ಬೀಗದವನು. ಇಬ್ಬರೂ ಒಟ್ಟಿಗೆ ಚಹಾ ಕುಡಿಯಲು ಹೋದರು.

ಡಬ್ಬಕ್ಕೆ ಕೈ ಹಾಕದೆ ಉಳಿದವರು ಮೇಷ್ಟ್ರು ಒಬ್ಬರೇ. ಗಂಟೆ ಹೊಡೆಯುವವನಿಗೆ ಕಡೆ ಇರಬಾರದು ಎಂದು ಅವರ ಹಟ. ಅವರು ಹಿಗ್ಗಿಸೋರೋ ಕುಗ್ಗಿಸೋರೋ ಎನ್ನುವುದು ಹೊಲಿಗೆ ಮಾಡುವ ಅವರ ಹೆಂಡತಿ ಟೈಲರಮ್ಮನಿಗೂ ತಿಳಿಯದು. ಕೇಳಿ ಕೇಳಿ ಆಕೆಗೂ ಸಾಕಾಗಿತ್ತು.

ಹೀಗಿರುವಾಗ ನಗರಸಭೆಗೆ ಹೊಸ ಅಧ್ಯಕ್ಷೆ ಬಂದರು. ನಗರಸಭೆ ಕೈಬಿಡಬೇಕಾದವುಗಳ ಒಂದು ಪಟ್ಟಿ ಮಾಡಿಸಿದರು. ಅದರಲ್ಲಿ ಏಳನೆಯದು ವಾಚನಾಲಯ. ತೀರ್ಮಾನಕ್ಕೆ ಮೊದಲು ಸಾರ್ವಜನಿಕರ ಅಹವಾಲು ಕೇಳುತ್ತೇವೆ ಎಂದು ನಗರಸಭೆಯವರು ವಾಚನಾಲಯದ ಬಾಗಿಲಿಗೆ ನೋಟಿಸು ಅಂಟಿಸಿ ಹೋದರು. ಮೇಷ್ಟ್ರು ನಿಂತು ಅದನ್ನು ಎರಡು ಸಲ ಓದಿದರು. ಆಮೇಲೆ ಅಂಚು ಎದ್ದಿದ್ದ ನೋಟಿಸಿಗೆ ಗೋಂದು ಹಚ್ಚಿ ನೀಟಾಗಿ ಕೂರಿಸಿದರು. ಅಂಥ ಮನುಷ್ಯ.

ಆ ಶನಿವಾರದ ವಿಷಯ ಅದೇ ಆಯಿತು: ವಾಚನಾಲಯ ನಗರಸಭೆಯ ಕೈಯಲ್ಲೇ ಇರಬೇಕೇ? ಬಂದವರು ಹದಿನೈದು ಜನ, ಜೋಡಿಗೆ ಒಬ್ಬರು ಕಡಿಮೆ. "ಇವತ್ತೊಂದು ದಿನ ನೀವೇ ತೆಗೀರಿ ಮೇಷ್ಟ್ರೇ, ಗಂಟೆ ನಾನು ಹೊಡೀತೀನಿ" ಎಂದ ಬೀಗದವನು, ಅವನ ಸರದಿ ಮುಗಿದಿತ್ತು. ಎಲ್ಲರೂ ಒತ್ತಾಯ ಮಾಡಿದರು. ಮೇಷ್ಟ್ರು ಡಬ್ಬಕ್ಕೆ ಕೈ ಹಾಕಿದರು. ಬಂದದ್ದು 'ಬೇಡ'.

ಪಕ್ಕದಲ್ಲಿದ್ದ ನರ್ಸಮ್ಮ ಇಣುಕಿ ನೋಡಿ, "ವಾಪಸ್ ಹಾಕಿಬಿಡಿ ಮೇಷ್ಟ್ರೇ, ಯಾರೂ ನೋಡಿಲ್ಲ" ಎಂದು ಪಿಸುಗುಟ್ಟಿದರು.

"ನಾನು ನೋಡಿದೆನಲ್ಲಮ್ಮ" ಎಂದು ಮೇಷ್ಟ್ರು ಎದ್ದು ನಿಂತರು.

ಮೊದಲು ನಿಯಮದಂತೆ ಎದುರಿನವರ ವಾದ ಹೇಳಿ ತಲೆಯಾಡಿಸಿಕೊಂಡರು. ಆಮೇಲೆ ಚೀಟಿಯ ಕಡೆಗೆ ಬಂದರು. ಆ ಕೋಣೆಯ ಹುಳುಕು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ನಲವತ್ತು ಕುರ್ಚಿಯಲ್ಲಿ ಮೂವತ್ತಕ್ಕೆ ಧೂಳು ಒರೆಸುವವರ ಕೈ ಬಿಟ್ಟು ಬೇರೇನೂ ತಾಗುವುದಿಲ್ಲ ಎಂದರು. ಹಿಂದಿನ ಮೂರು ಕಪಾಟಿನಿಂದ ವರ್ಷವಾದರೂ ಒಂದು ಪುಸ್ತಕ ಹೊರಗೆ ಹೋಗಿಲ್ಲ, ಮಧ್ಯಾಹ್ನ ಬರುವವರು ಬರುವುದು ಫ್ಯಾನಿನ ಕೆಳಗೆ ನಿದ್ದೆ ಮಾಡಲು ಎಂದರು. "ಎಲ್ಲರದ್ದು ಅಂತೀವಿ. ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ. ಇಷ್ಟು ವರ್ಷದಲ್ಲಿ ಇದು ನಮ್ಮದು ಅಂತ ಒಬ್ಬರಾದ್ರೂ ಒಂದು ಕುರ್ಚಿ ಒರೆಸಿದ್ದು ನಾನು ನೋಡಿಲ್ಲ. ಬೇಕಿದ್ರೆ ಬೀದಿಯವರೇ ಬೀಗದ ಕೈ ಇಟ್ಕೊಳ್ಳಲಿ. ಬೇಡ ಅಂದ್ರೆ, ಬೇಡವಾದದ್ದನ್ನ ಸರ್ಕಾರ ಯಾಕೆ ಹೊತ್ಕೊಂಡು ತಿರುಗಬೇಕು?"

ಬೀಗದವನು ಗಂಟೆ ತಟ್ಟುವುದನ್ನು ಮರೆತು ಕೂತಿದ್ದ. ಆಮೇಲೆ ಬಿದ್ದಂಥ ಚಪ್ಪಾಳೆ ಆ ಕೋಣೆಯಲ್ಲಿ ಹಿಂದೆಂದೂ ಬಿದ್ದಿರಲಿಲ್ಲ. ನಿಜ ಹೇಳಬೇಕೆಂದರೆ ಮೇಷ್ಟ್ರಿಗೆ ಅದು ಹಿತವಾಯಿತು. ಇಪ್ಪತ್ತೆರಡು ವರ್ಷ ಪರರ ಮಾತು ಕತ್ತರಿಸಿದವರಿಗೆ ಮಾತಿನ ರುಚಿ ಹತ್ತಿದ್ದು ಅದೇ ಮೊದಲು.

ಹಿಂದಿನ ಬೆಂಚಿನಲ್ಲಿ ಯಾರೋ ಹೊಸಬರು ಮೊಬೈಲಿನಲ್ಲಿ ಎಲ್ಲ ಹಿಡಿದುಕೊಂಡಿದ್ದರು. ಸೋಮವಾರದ ಹೊತ್ತಿಗೆ ಅದು ಊರಿನ ಎಲ್ಲ ಮೊಬೈಲಿನಲ್ಲೂ ಇತ್ತು. ಅದರಲ್ಲಿ ಗೋಡೆಯ ಬರಹವಿಲ್ಲ, ಎದುರಿನವರ ವಾದ ಹೇಳಿದ ಮೊದಲ ನಿಮಿಷವಿಲ್ಲ. 'ವಾಚನಾಲಯದವರೇ ಏನು ಹೇಳ್ತಾರೆ ಕೇಳಿ' ಎಂಬ ತಲೆಬರಹ ಮಾತ್ರ ಇತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಮೊಬೈಲು ನೋಡದೆಯೇ. ಕುಗ್ಗಿಸೋರು ದಾರಿಯಲ್ಲಿ ತಡೆದು ಬೆನ್ನು ತಟ್ಟಿದರು. "ನೀವು ನಮ್ಮವರು ಅಂತ ಗೊತ್ತೇ ಇರಲಿಲ್ಲವಲ್ಲ ಸಾರ್!" ಹಿಗ್ಗಿಸೋರು ಉಂಡ ಮನೆಯ ಜಂತೆ ಎಣಿಸಿದ ಎಂದು ಮುಖ ತಿರುಗಿಸಿದರು. ಅದು ಚೀಟಿ ಕಣ್ರಪ್ಪಾ ಎಂದು ಬಿಡಿಸಿ ಹೇಳಲು ಹೋದ ನರ್ಸಮ್ಮನಿಗೂ ನಾಲ್ಕು ಮಾತು ಬಿತ್ತು. ಆಮೇಲೆ ಅವರೂ ಸುಮ್ಮನಾದರು.

ಮನೆಯಲ್ಲಿ ಟೈಲರಮ್ಮ ಹೊಲಿಗೆ ನಿಲ್ಲಿಸಿ ಕೇಳಿದರು. "ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಿ. ತೆಗೆದಿದ್ದು ಇದಕ್ಕಾ?"

"ಅದು ಚೀಟಿಯ ಮಾತು ಕಣೇ."

"ಚೀಟಿಗೆ ಬಾಯಿ ಇರಲ್ಲ ಕಣ್ರೀ. ಬಾಯಿ ನಿಮ್ಮದು." ಸ್ವಲ್ಪ ತಡೆದು ಆಕೆಯೇ ಮೆತ್ತಗಾದರು. "ಅಹವಾಲು ಕೇಳ್ತಾರಂತಲ್ಲ, ಹೋಗಿ. ಅಲ್ಲಾದ್ರೂ ನಿಮ್ಮ ಮಾತು ಹೇಳಿ ಬನ್ನಿ. ಅದೊಂದು ಉಳೀಲಿ."

ಮೇಷ್ಟ್ರ ಹತ್ತಿರ ಮಾತು ಇತ್ತು. ಅಹವಾಲಿನ ದಿನ ಬೆಳಗ್ಗೆ ಇಸ್ತ್ರಿ ಅಂಗಿ ತೊಟ್ಟು, ಅದನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು ನಗರಸಭೆಗೆ ಹೋದರು. ಉದ್ದನೆಯ ಮೇಜು, ಆಚೆ ಅಧ್ಯಕ್ಷೆ ಮತ್ತು ಹತ್ತು ಜನ ಸದಸ್ಯರು, ಈಚೆ ಒಂದು ಮೈಕು. ಒಬ್ಬೊಬ್ಬರಿಗೆ ಮೂರು ನಿಮಿಷ. ಗಂಟೆಯ ಬದಲು ಅಲ್ಲಿ ಬಜರ್ ಇತ್ತು.

ಮೇಷ್ಟ್ರು ಮೈಕಿನ ಮುಂದೆ ನಿಂತರು. ಅವರ ಮಾತು ನಾಲಿಗೆ ತುದಿಯಲ್ಲಿತ್ತು, ಆದರೆ ಇಪ್ಪತ್ತೆರಡು ವರ್ಷದ ಅಭ್ಯಾಸ ಅದಕ್ಕಿಂತ ಮುಂದಿತ್ತು. ಮೊದಲು ಎದುರಿನವರ ವಾದ. "ತಾವು ಹೇಳೋದು ಏನು ಅಂದ್ರೆ" ಎಂದು ಶುರುಮಾಡಿದರು. ನಗರಸಭೆಯ ಹೊರೆ ಇಳಿಯಬೇಕು, ಚರಂಡಿ ರಿಪೇರಿಗೇ ಜನ ಸಾಲದಿರುವಾಗ ಖಾಲಿ ಕುರ್ಚಿಗೆ ಕಾವಲು ಯಾಕೆ ಎಂದು ಅಧ್ಯಕ್ಷೆಗಿಂತ ಚೆನ್ನಾಗಿ ಹೇಳಿದರು. ಅಧ್ಯಕ್ಷೆ ತಲೆಯಾಡಿಸಿದರು. ಆದರೆ ಪಕ್ಕದವರು ಆಡಿಸಲಿಲ್ಲ. ನಿಯಮ ನಿಯಮವೇ. ಮೇಷ್ಟ್ರು ಅವರಿಗಾಗಿ ಇನ್ನೊಂದು ಕಾರಣ ಸೇರಿಸಿದರು. ಅವರೂ ತಲೆಯಾಡಿಸಿದರು. ಒಬ್ಬೊಬ್ಬರನ್ನೇ ನೋಡುತ್ತಾ, ಒಬ್ಬೊಬ್ಬರ ಮನಸ್ಸಿನ ಮಾತನ್ನು ಅವರ ಮುಂದೆಯೇ ಇಡುತ್ತಾ ಹೋದರು. ಸಭೆಯಲ್ಲಿ ಕೂತಿದ್ದ ಬೀಗದವನು ಮಣಿಕಟ್ಟನ್ನು ಬೆರಳಿಂದ ತಟ್ಟಿ ಗಡಿಯಾರದ ಸನ್ನೆ ಮಾಡಿದ. ಮೇಷ್ಟ್ರು ಅತ್ತ ನೋಡಲಿಲ್ಲ. ಕಡೆಗೆ, ಮೂಲೆಯಲ್ಲಿ ತೂಕಡಿಸುತ್ತಿದ್ದ ಹನ್ನೊಂದನೆಯವರೂ ತಲೆಯಾಡಿಸಿದರು.

"ಈಗ ನನ್ನ ಮಾತು" ಎಂದರು ಮೇಷ್ಟ್ರು. ಬಜರ್ ಕೂಗಿತು.

ಅವರಿಗಿಂತ ಮೊದಲು ಮಾತಾಡಿದವರೆಲ್ಲ ಬಜರ್ ಮೇಲೆ ಕೂಗಾಡಿ ಇನ್ನೂ ಐದೈದು ನಿಮಿಷ ಎಳೆದಿದ್ದರು. ಯಾರೂ ಏನೂ ಅಂದಿರಲಿಲ್ಲ. "ಮುಂದುವರಿಸಿ ಮೇಷ್ಟ್ರೇ!" ಎಂದು ನರ್ಸಮ್ಮ ಹಿಂದಿನಿಂದ ಕೂಗಿದರು. ಮೇಷ್ಟ್ರು ಬಾಯಿ ತೆರೆದರು. ಆದರೆ ಆ ನ್ಯಾಯಾಧೀಶರ 'ಆದ್ದರಿಂದ'ವನ್ನು ಕತ್ತರಿಸಿದ ಕೈ ಅವರದೇ. ಮೈಕಿಗೆ ಕೈಮುಗಿದು ಪಕ್ಕಕ್ಕೆ ಸರಿದರು.

ಸಭೆಯ ತೀರ್ಮಾನದಲ್ಲಿ ಹೀಗೆ ಬರೆದಿತ್ತು: ವಾಚನಾಲಯದ ಮೇಲ್ವಿಚಾರಕರೇ ಎರಡು ಬಾರಿ ಬಹಿರಂಗವಾಗಿ ಈ ಕ್ರಮವನ್ನು ಬೆಂಬಲಿಸಿರುವುದರಿಂದ ಮುಚ್ಚಲು ತೀರ್ಮಾನಿಸಿದೆ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡರು ಎಂದು ಊರೆಲ್ಲ ನಕ್ಕಿತು. ಮೇಷ್ಟ್ರನ್ನು ಜನನ ಮರಣ ನೋಂದಣಿಯ ಕೌಂಟರಿಗೆ ಹಾಕಿದರು.

ಹೊಸ ಬೀಗ ಹಾಕಲು ಬಂದವನು ಬೀಗದವನೇ. "ಬೇರೆ ಯಾರನ್ನೋ ಕರೀತಿದ್ರು, ಅದಕ್ಕೆ ನಾನೇ ಒಪ್ಕೊಂಡೆ" ಎಂದ ನೆಲ ನೋಡುತ್ತಾ.

"ನೀನು ಕೇಳ್ತಿದ್ದದ್ದೇ ಆಯ್ತಲ್ಲಯ್ಯ."

"ಆಯ್ತು ಮೇಷ್ಟ್ರೇ." ಬೀಗದವನು ಸ್ಕ್ರೂ ತಿರುಗಿಸುತ್ತಲೇ ಇದ್ದ. "ಶನಿವಾರ ನಾನೆಲ್ಲಿ ಹೋಗ್ಲಿ ಅನ್ನೋದೊಂದು ಯೋಚನೆ ಮಾಡಿರಲಿಲ್ಲ."

ಶನಿವಾರ ಬಂತು. ಮೇಷ್ಟ್ರು ಡಬ್ಬ ಮತ್ತು ಗಂಟೆ ಹಿಡಿದು ಮುಚ್ಚಿದ ಬಾಗಿಲಿನ ಮೆಟ್ಟಿಲಿಗೆ ಹೋದರು. ಜನ ಬಂದಿದ್ದರು. ಆದರೆ ಮೆಟ್ಟಿಲಿನ ಎಡಕ್ಕೆ ಹಿಗ್ಗಿಸೋರು, ಬಲಕ್ಕೆ ಕುಗ್ಗಿಸೋರು, ನಡುವೆ ಸೈಕಲ್ಲುಗಳು. ಎರಡೂ ಕಡೆ ಒಟ್ಟಿಗೇ ಮಾತಾಡುತ್ತಿದ್ದರು, ಯಾರಿಗೆ ಯಾರ ಮಾತೂ ಕೇಳುತ್ತಿರಲಿಲ್ಲ. ಮೇಷ್ಟ್ರು ಡಬ್ಬದ ಮುಚ್ಚಳ ತೆಗೆದು ಒಬ್ಬೊಬ್ಬರ ಮುಂದೆಯೂ ಹಿಡಿದರು. ಬೀಗದವನೊಬ್ಬನೇ ಕೈ ಹಾಕಿ ಒಂದು ಚೀಟಿ ತೆಗೆದ. ಓದಿದ. ಎರಡೂ ಕಡೆಯವರು ತನ್ನನ್ನೇ ನೋಡುತ್ತಿರುವುದನ್ನು ಕಂಡು ಅದನ್ನು ಮಡಚಿ ಡಬ್ಬಕ್ಕೇ ಹಾಕಿ, ಹೋಗಿ ಬಲಕ್ಕೆ ನಿಂತ. ಮೇಷ್ಟ್ರು ಗಂಟೆ ತಟ್ಟಿದರು. ಯಾರೂ ಮಾತು ನಿಲ್ಲಿಸಲಿಲ್ಲ. ಅವರಿಗೆ ಅಳು ಬಂತು. ಅಷ್ಟು ಜನರ ಮುಂದೆ ಅಳುವುದು ಹೇಗೆಂದು ಮನೆಗೆ ಹೊರಟುಬಿಟ್ಟರು.

ಮನೆಯಲ್ಲಿ ಟೈಲರಮ್ಮ ಯಾರದೋ ಅಂಗಿಯ ತೋಳು ಹೊಲಿಯುತ್ತಿದ್ದರು. ಮೇಷ್ಟ್ರು ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ತಾವಾಗಿ ಹೇಳತೊಡಗಿದರು. ಗಾರೆ ಕೆಲಸದ ಹೆಂಗಸೊಬ್ಬಳು ಹನ್ನೊಂದು ವರ್ಷ ಬಂದು, ಅಕ್ಷರದ ಮೇಲೆ ಬೆರಳಿಟ್ಟು ಓದಲು ಕಲಿತು, ಕಡೆಗೆ ತನ್ನ ಮನೆ ಖಾಲಿ ಮಾಡಿಸುವ ನೋಟಿಸನ್ನು ತಾನೇ ಓದಿ ತಪ್ಪು ಹುಡುಕಿದ್ದು. "ಮತ್ತೆ ಆ ಫ್ಯಾನಿನ ಕೆಳಗೆ ನಿದ್ದೆ ಮಾಡೋರು. ಅವರು ಅಂಗಡಿ ಮುಂದೆ ಕೂತ್ರೆ ಏನು ಬೇಕು ಅಂತಾರೆ. ಆಫೀಸಿನ ಮುಂದೆ ಕೂತ್ರೆ ಯಾರು ಬೇಕು ಅಂತಾರೆ. ಏನೂ ಕೇಳದೆ ಕೂತ್ಕೊಳ್ಳೋಕೆ ಬಿಡೋ ಜಾಗ ಈ ಊರಲ್ಲಿ ಅದೊಂದೇ ಇತ್ತು ಕಣೇ. ಸರ್ಕಾರ ದೊಡ್ಡದಿರಲಿ ಚಿಕ್ಕದಿರಲಿ, ಅಷ್ಟನ್ನಾದ್ರೂ ಮಾಡಬಾರದಾ?"

ಟೈಲರಮ್ಮ ಗೋಡೆಯ ಗಡಿಯಾರ ನೋಡಿದರು. "ಒಂದು ನಿಮಿಷಾನೂ ಆಗಿಲ್ಲ. ಇದನ್ನ ಅಲ್ಲಿ ಮೊದಲೇ ಹೇಳಬಹುದಿತ್ತಲ್ರೀ."

"ಮೊದಲು ಎದುರಿನವರ ಮಾತು ಹೇಳ್ಬೇಕು. ಅದು ನಿಯಮ."

"ಅವರು ನಿಮ್ಮ ಮಾತು ಹೇಳಿದ್ರಾ?"

ಮೇಷ್ಟ್ರು ಆಕೆಯ ಮುಖ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆ ಅವರ ತಲೆಗೆ ಹೊಳೆದೇ ಇರಲಿಲ್ಲ. ಟೈಲರಮ್ಮ ಕನ್ನಡಕ ಏರಿಸಿಕೊಂಡು, ಸೂಜಿಗೆ ದಾರ ಪೋಣಿಸಿ, ಅರ್ಧಕ್ಕೆ ಬಿಟ್ಟಿದ್ದ ತೋಳನ್ನು ಮತ್ತೆ ಹೊಲಿಯಲು ಕೂತರು.